ಗುಡ್ಡದ ದಾರಿಯಲ್ಲಿ ಪೆಟ್ರೋಲಿನ ಲೆಕ್ಕ

ಕಾರು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಮೈಲೇಜಿನದು. ಕೊಂಡ ಮೇಲೆ ಅದನ್ನು ಬಹುಮಂದಿ ಮರೆಯುತ್ತಾರೆ. ಪೆಟ್ರೋಲಿನ ಬೆಲೆ ಏರಿದ ದಿನ ಮಾತ್ರ ಮತ್ತೆ ನೆನೆಯುತ್ತಾರೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ಎ.ಎಂ.ಟಿ. ತಂತ್ರವು ಭಾರತಕ್ಕೆ ಬಂದ ನಂತರ ಸ್ವಯಂಚಾಲಿತ ಗೇರಿನ ಕಾರು ಸಾಮಾನ್ಯ ಕುಟುಂಬಗಳ ಕೈಗೂ ಎಟುಕಿತು. ಪುತ್ತೂರು, ಸುಳ್ಯ, ಕಡಬಗಳ ಏರುತಗ್ಗಿನ ದಾರಿಯಲ್ಲಿ ಕ್ಲಚ್ಚಿನ ಗೊಡವೆ ತಪ್ಪಿದ್ದು ದೊಡ್ಡ ಅನುಕೂಲವೇ ಸರಿ. ಆದರೆ ಗೇರು ತಾನಾಗಿ ಬದಲಾಗುತ್ತದೆಂದ ಮಾತ್ರಕ್ಕೆ ಇಂಧನವೂ ತಾನಾಗಿ ಉಳಿಯುವುದಿಲ್ಲ. ಅದು ಈಗಲೂ ಚಾಲಕನ ಪಾದದಲ್ಲಿದೆ, ಕಣ್ಣಿನಲ್ಲಿದೆ.

ಕಂಪನಿಯ ಜಾಹೀರಾತಿನಲ್ಲಿ ಕಾಣುವ ಅಂಕಿಯನ್ನು ಮೊದಲು ಅರಿಯಬೇಕು. ಆ ಪರೀಕ್ಷೆ ನಡೆಯುವುದು ಪ್ರಯೋಗಶಾಲೆಯಲ್ಲಿ, ಉರುಳೆಗಳ ಮೇಲೆ, ನಿಗದಿತ ವೇಗದ ಕ್ರಮದಲ್ಲಿ. ಅಲ್ಲಿ ಏರಿಲ್ಲ, ತಿರುವಿಲ್ಲ, ಆಟಿಯ ಮಳೆಯಿಲ್ಲ, ಹೊಂಡಗಳಿಲ್ಲ. ಬೇರೆ ಬೇರೆ ಕಾರುಗಳನ್ನು ಹೋಲಿಸುವುದಕ್ಕೆ ಆ ಅಂಕಿ ಉಪಯುಕ್ತ. ಗುಂಡ್ಯದ ದಾರಿಗೂ ಸಂಪಾಜೆಯ ಘಾಟಿಗೂ ಅದು ಅನ್ವಯಿಸದು.

ಗುಡ್ಡದ ಲೆಕ್ಕವು ಶಾಲೆಯ ಭೌತಶಾಸ್ತ್ರದಷ್ಟೇ ಸರಳ. ನಾಲ್ವರು ಕುಳಿತ ಸಣ್ಣ ಕಾರಿನ ತೂಕ ಸುಮಾರು 1,300 ಕಿಲೊ. ಸುಳ್ಯದಿಂದ ಮಡಿಕೇರಿಗೆ ಹೋಗುವಾಗ ಅದು ಸುಮಾರು 1,000 ಮೀಟರ್ ಎತ್ತರಕ್ಕೆ ಏರಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೂ ಚಕ್ರಕ್ಕೆ ತಲುಪುವುದು ಅದರ ಕಾಲುಭಾಗದಷ್ಟು ಮಾತ್ರ. ಉಳಿದುದು ಬಿಸಿಯಾಗಿ ಹೋಗುತ್ತದೆ. ಹೀಗಾಗಿ ಸಮತಟ್ಟು ದಾರಿಯಲ್ಲಿ ಬೇಕಾಗುವ ಇಂಧನದ ಜೊತೆಗೆ, ಕೇವಲ ಎತ್ತರಕ್ಕೆ ಏರುವುದಕ್ಕೆಂದೇ ಒಂದೂವರೆ ಲೀಟರಿಗೂ ಮಿಕ್ಕಿ ಪೆಟ್ರೋಲ್ ವ್ಯಯವಾಗುತ್ತದೆ. ಈ ವೆಚ್ಚವನ್ನು ಯಾವ ಜಾಣತನವೂ ತಪ್ಪಿಸಲಾರದು. ಆದರೆ ಎತ್ತರದಲ್ಲಿ ಸಂಚಯವಾದ ಆ ಶಕ್ತಿಯನ್ನು ಇಳಿಯುವಾಗ ಬಳಸಿಕೊಳ್ಳುವುದೋ, ಬ್ರೇಕಿನ ಬಿಸಿಯಾಗಿಸಿ ಕಳೆಯುವುದೋ ಎಂಬುದು ಚಾಲಕನಿಗೆ ಬಿಟ್ಟದ್ದು.

ಇಲ್ಲಿಯೇ ಒಂದು ಹಳೆಯ ಅಭ್ಯಾಸವನ್ನು ಪ್ರಶ್ನಿಸಬೇಕಾಗಿದೆ. ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲಿಗೆ ತಳ್ಳಿದರೆ ಪೆಟ್ರೋಲ್ ಉಳಿಯುತ್ತದೆಂಬ ನಂಬಿಕೆ ಕಾರ್ಬುರೇಟರ್ ಕಾಲದ್ದು. ಇಂದಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ ವಿಷಯ ತಿರುಗುಮುರುಗಾಗಿದೆ. ಗೇರಿನಲ್ಲಿದ್ದು ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಇಂಜಿನ್ನಿನ ಸುತ್ತುಗಳು ಒಂದು ಮಿತಿಗಿಂತ ಮೇಲಿರುವ ತನಕ ಇಂಧನದ ಪೂರೈಕೆಯೇ ನಿಲ್ಲುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲಿನಲ್ಲಿ ಹಾಗಲ್ಲ; ಇಂಜಿನ್ನು ತನ್ನನ್ನು ಜೀವಂತವಾಗಿರಿಸಿಕೊಳ್ಳಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂಜಿನ್ನಿನ ಹಿಡಿತ ತಪ್ಪಿದ ಕಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಕಾದ ಬ್ರೇಕು ಕೈಕೊಡುವುದು ಹೊಸ ಸಂಗತಿಯಲ್ಲ. ಇಂಜಿನ್ನನ್ನೇ ಆರಿಸಿ ಇಳಿಯುವುದಂತೂ ಪ್ರಾಣಕ್ಕೇ ಸಂಚಕಾರ. ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುವ ಸಹಾಯಶಕ್ತಿ ಆಗ ಇಲ್ಲವಾಗುತ್ತದೆ. ಸ್ವಯಂಚಾಲಿತ ಕಾರಿನಲ್ಲಿ ‘ಎಲ್’, ‘2’ ಅಥವಾ ಕೈಯಾರೆ ಗೇರು ಇಳಿಸುವ ‘ಎಂ’ ಸ್ಥಾನವಿರುವುದು ಘಾಟಿಗೆಂದೇ. ಇಳಿಜಾರಿನ ಆರಂಭದಲ್ಲೇ ಅದನ್ನು ಬಳಸಿದರೆ ಪೆಟ್ರೋಲೂ ಉಳಿಯುತ್ತದೆ, ಬ್ರೇಕೂ ಉಳಿಯುತ್ತದೆ.

ಏರಿನಲ್ಲಿ ನಿಲ್ಲಬೇಕಾದಾಗ ಬ್ರೇಕು ಹಿಡಿಯುವ ಬದಲು ಆಕ್ಸಿಲರೇಟರನ್ನು ತುಸು ಒತ್ತಿ ಕಾರನ್ನು ತಡೆಹಿಡಿಯುವುದು ಇನ್ನೊಂದು ದುರಭ್ಯಾಸ. ಇದರಿಂದ ಎ.ಎಂ.ಟಿ. ಕಾರಿನಲ್ಲಿ ಕ್ಲಚ್ಚು ಸುಡುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಗೇರುಪೆಟ್ಟಿಗೆಯ ಎಣ್ಣೆ ಕಾಯುತ್ತದೆ. ಎರಡರಲ್ಲೂ ಇಂಧನ ವ್ಯರ್ಥ. ಏರುವಾಗ ಪೆಡಲನ್ನು ಒಮ್ಮೆಲೇ ತುಳಿದರೆ ಯಂತ್ರವು ಕೆಳಗಿನ ಗೇರಿಗೆ ಜಿಗಿದು ಅಬ್ಬರಿಸುತ್ತದೆ. ಮುಂದಿನ ತಿರುವನ್ನು ದೂರದಿಂದಲೇ ಕಂಡು, ಒಂದೇ ಸಮನಾದ ಒತ್ತಡದಲ್ಲಿ ಏರುವವನೇ ಮಿತವ್ಯಯಿ. ಸಮತಟ್ಟು ದಾರಿಗೆ 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಸೂಚಿಸುವ ವೇಗ ಗಂಟೆಗೆ 45ರಿಂದ 55 ಕಿ.ಮೀ.

ಸಣ್ಣಪುಟ್ಟ ಸಂಗತಿಗಳ ನಿಜವಾದ ಬೆಲೆಯನ್ನೂ ತಿಳಿಯಬೇಕು. ಗಾಳಿ ಕಡಿಮೆಯಾದ ಚಕ್ರವು ನೂರಕ್ಕೆ ಒಂದೆರಡು ಪಾಲು ಇಂಧನವನ್ನು ನುಂಗುತ್ತದೆ, ಟಯರನ್ನೂ ಸವೆಸುತ್ತದೆ. ಸೊಸೈಟಿಯಿಂದ ತಂದ 50 ಕಿಲೊ ಗೊಬ್ಬರದ ಚೀಲ ಇಳಿಸಲು ಮರೆತು ವಾರವಿಡೀ ಡಿಕ್ಕಿಯಲ್ಲೇ ಉಳಿದರೆ ಅದೂ ಸುಮಾರು ಒಂದು ಪಾಲನ್ನು ಕೇಳುತ್ತದೆ. ನಿಂತಲ್ಲೇ ಉರಿಯುವ ಇಂಜಿನ್ನು ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಕುಡಿಯುತ್ತದೆ, ಎ.ಸಿ. ಇದ್ದರೆ ಇನ್ನಷ್ಟು, ಚಂಪಾಷಷ್ಠಿಯ ಹೊತ್ತಿಗೆ ಸುಬ್ರಹ್ಮಣ್ಯದ ದಾರಿಯಲ್ಲಿ ಸಾಲುಗಟ್ಟುವ ಕಾರುಗಳನ್ನು ಕಂಡವರು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. ಇನ್ನು ಪೇಟೆಯಲ್ಲಿ ಮಾರುವ ಮೈಲೇಜು ಹೆಚ್ಚಿಸುವ ಗುಳಿಗೆ, ಅಯಸ್ಕಾಂತ, ದ್ರಾವಣಗಳ ಮಾತು: ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ, ಬೆರಳೆಣಿಕೆಯವು ಅಲ್ಪ ಲಾಭ ತೋರಿದವು, ಬಹುತೇಕ ಏನೂ ತೋರಲಿಲ್ಲ.

ಕೃಷಿಕನಿಗೆ ಈ ಚರ್ಚೆ ಕೇವಲ ಕಿಸೆಯದಲ್ಲ. 2025ರಲ್ಲಿ ದೇಶದ ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಸರಕಾರ ತಲುಪಿತು. ಅಳತೆಗೆ ಅಳತೆ ಹೋಲಿಸಿದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಈ ಮಿಶ್ರಣಕ್ಕೆ ಹೊಂದಿಸದ ಹಳೆಯ ಕಾರುಗಳಲ್ಲಿ ಮೈಲೇಜು ಶೇ. 6ರಿಂದ 7ರಷ್ಟು ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಕಬ್ಬಿನ ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂಬ ಲೆಕ್ಕವೂ ಅದೇ ವರದಿಯಲ್ಲಿದೆ. ಅಂದರೆ ಇಂದು ಕಾರಿನ ಟ್ಯಾಂಕಿನಲ್ಲಿ ತೈಲಬಾವಿಯೊಂದೇ ಅಲ್ಲ, ಎಲ್ಲೋ ಬಯಲುಸೀಮೆಯ ಹೊಲವೂ, ಅದರಡಿಯ ಅಂತರ್ಜಲವೂ ಇದೆ. ತಿಂಗಳಿಗೆ 1,000 ಕಿ.ಮೀ. ಓಡುವ ಕಾರಿನ ಮೈಲೇಜು 14ರಿಂದ 16ಕ್ಕೆ ಏರಿದರೆ ಉಳಿಯುವುದು ಸುಮಾರು 9 ಲೀಟರ್. ಅದರಲ್ಲಿರುವ ಎಥನಾಲ್ ಕಬ್ಬಿನದಾದರೆ ಸುಮಾರು 5,000 ಲೀಟರ್ ನೀರು ಉಳಿದಂತೆ. ಬೇಸಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಹಾಯಿಸಿದವರಿಗೆ ಈ ಅಂಕಿಯ ತೂಕವನ್ನು ಬೇರೆಯವರು ವಿವರಿಸಬೇಕಿಲ್ಲ.

ಒಬ್ಬನ ಮಿತವ್ಯಯದಿಂದ ಭೂಮಿಯ ಬಿಸಿ ಇಳಿದೀತೇ ಎಂಬ ಆಕ್ಷೇಪ ಸಹಜ. ಉಳಿಸಿದ ಪೆಟ್ರೋಲನ್ನು ಇನ್ನೊಂದು ಅನಗತ್ಯ ತಿರುಗಾಟಕ್ಕೆ ಸುರಿದರೆ ಗುಡ್ಡಕ್ಕೆ ದಕ್ಕುವುದು ಶೂನ್ಯವೆಂಬುದೂ ನಿಜ. ಇಂಜಿನ್ನು ಬಿಸಿಯೇರುವ ಮೊದಲೇ ಮುಗಿಯುವ ಒಂದೆರಡು ಕಿ.ಮೀ.ಗಳ ಓಡಾಟವೇ ಅತ್ಯಂತ ದುಬಾರಿ ಓಡಾಟ. ನಾಲ್ಕು ಕೆಲಸಗಳಿಗೆ ನಾಲ್ಕು ಬಾರಿ ಪೇಟೆಗೆ ಹೋಗುವ ಬದಲು ಒಂದೇ ಸಲ ಹೋಗುವುದು, ನೆರೆಮನೆಯ ವಿದ್ಯಾರ್ಥಿಯನ್ನು ಜೊತೆಗೆ ಕರೆದೊಯ್ಯುವುದು ಯಾವ ಗೇರಿನ ಜಾಣತನಕ್ಕಿಂತಲೂ ಮಿಗಿಲು. ಆದರೆ ಒಳದಾರಿಯ ಹಳ್ಳಿಗೆ ಕಾಲೇಜಿನ ಹೊತ್ತಿಗೆ ಬಸ್ಸೇ ಇಲ್ಲವೆಂದರೆ ಕಾರು ಕೊಂಡವರನ್ನು ದೂಷಿಸುವುದು ನ್ಯಾಯವಲ್ಲ. ಪುತ್ತೂರಿನಲ್ಲಿ ಕೆ.ಎಸ್.ಆರ್.ಟಿ.ಸಿ.ಯ ವಿಭಾಗೀಯ ಕಚೇರಿಯಿದೆ. ಕಬಕ ಪುತ್ತೂರಿನಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ರೈಲುದಾರಿಯಿದೆ. ಬಸ್ಸು ರೈಲುಗಳ ವೇಳೆಯನ್ನು ಹಳ್ಳಿಯ ಅಗತ್ಯಕ್ಕೆ ಹೊಂದಿಸಿ ಎಂದು ಪಂಚಾಯತಿಯ ಗ್ರಾಮಸಭೆಯಲ್ಲಿ ಕೇಳುವುದೂ ಇಂಧನ ಉಳಿತಾಯದ ಕಾರ್ಯವೇ.

ಹಾಗೆ ಕೇಳುವುದಕ್ಕೆ ಕೈಯಲ್ಲಿ ಲೆಕ್ಕವಿರಬೇಕು. ಈ ಸೀಮೆಯ ಅನೇಕ ಕೃಷಿಕರು ದಿನದಿನದ ಮಳೆಯನ್ನು ಅಳೆದು ಬರೆದಿಡುತ್ತಾರೆ. ಆ ಪುಸ್ತಕದಲ್ಲೇ ಇನ್ನೊಂದು ಅಂಕಣ ಎಳೆದರೆ ಸಾಕು. ಟ್ಯಾಂಕು ತುಂಬಿಸಿದ ದಿನ ಓಡೋಮೀಟರಿನ ಅಂಕಿ ಬರೆಯಬೇಕು. ಮತ್ತೆ ತುಂಬಿಸಿದಾಗ ಓಡಿದ ದೂರವನ್ನು ಹಾಕಿದ ಲೀಟರುಗಳಿಂದ ಭಾಗಿಸಬೇಕು. ಮಳೆಗಾಲಕ್ಕೊಂದು, ಬೇಸಗೆಗೊಂದು ಸರಾಸರಿ ಸಿಗುತ್ತದೆ. ಈ ಕೆಲಸವನ್ನು ಮನೆಯ ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ಎಥನಾಲಿನಿಂದ ಮೈಲೇಜು ಇಳಿಯಿತೆಂಬ ದೂರು, ಇಳಿದೇ ಇಲ್ಲವೆಂಬ ಸಮಜಾಯಿಷಿ ಎರಡನ್ನೂ ತೂಗಿ ನೋಡಲು ಗುಡ್ಡದ ದಾರಿಯ ಇಂಥ ನೂರಾರು ಪುಸ್ತಕಗಳು ಬೇಕಾಗಿವೆ. ಅಳೆಯದೆ ಆಡುವ ಮಾತಿಗೆ ಯಾವ ಕಚೇರಿಯೂ ಕಿವಿಗೊಡಬೇಕಾಗಿಲ್ಲ.