ದೀಕ್ಷಾಸ್ನಾನವಾದ ಎಂಟು ವರ್ಷದ ಮೇಲೆ

ಪಂಡಿತಾ ರಮಾಬಾಯಿಯವರ ಹೆಸರೆತ್ತಿದರೆ ನಮ್ಮಲ್ಲಿ ಎರಡು ಬಗೆಯ ಜನ ಸಿಗುತ್ತಾರೆ. ಕೆಲವರು ವಿಧವೆಯರಿಗೆ ಆಸರೆಯಾದ ಸಮಾಜ ಸುಧಾರಕಿ ಎಂದು ಕೊಂಡಾಡಿ, ಮತಾಂತರದ ಸಂಗತಿ ಬರುತ್ತಲೇ ಗಂಟಲು ಸರಿಮಾಡಿಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ಉಳಿದವರಿಗೆ ಮತಾಂತರ ಬಿಟ್ಟು ಬೇರೇನೂ ಕಾಣುವುದಿಲ್ಲ. ಕ್ರಿಸ್ತನಲ್ಲಿ ಬಿಡುಗಡೆ ಸಿಕ್ಕಿತು, ಮನಸ್ಸು ಅಲ್ಲಿ ನೆಲೆ ನಿಂತಿತು ಎಂದು ಅವರೇ ಬರೆದದ್ದನ್ನು ಮಾತ್ರ ಇಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಸಂಚಿಕೆಯ ವಿಷಯ ನಂಬಿಕೆ ಎಂದು ಗೊತ್ತಾದ ಮೇಲೆ, ಆ ಮಾತಿನಿಂದಲೇ ಶುರು ಮಾಡೋಣ ಅನ್ನಿಸಿತು.

ರಮಾಬಾಯಿ ನಮ್ಮ ಮಲೆನಾಡಿನಲ್ಲಿ ಹುಟ್ಟಿದವರು. 1858ರಲ್ಲಿ, ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಉಡುಪಿಯ ಪಂಡಿತರ ಮುಂದೆ ನಿಂತು ಉತ್ತರ ಕೊಟ್ಟವರು. ಆ ತಾಯಿಯೇ ಮಗಳಿಗೂ ಪಾಠ ಹೇಳಿದರು. ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತ, ದೇವಸ್ಥಾನಗಳಲ್ಲಿ ಪುರಾಣ ಓದಿ ಬದುಕುತ್ತಿದ್ದ ಸಂಸಾರ ಅದು. 1870ರ ದಶಕದ ಬರಗಾಲ ಬಂದಾಗ ದೇವರು ಕಣ್ಣು ತೆರೆದಾನೆಂದು ಕೈಯಲ್ಲಿದ್ದುದನ್ನೆಲ್ಲ ದಾನಕ್ಕೂ ಪೂಜೆಗೂ ಸುರಿದರು. ಕೊನೆಗೆ ಕಾಡಿನ ಸೊಪ್ಪು, ಹಣ್ಣೇ ಆಹಾರವಾಯಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ತಾಯಿಯ ಶವ ಹೊರಲು ಊರವರು ಮುಂದೆ ಬರಲಿಲ್ಲ. ಇಬ್ಬರು ಮಾತ್ರ ಕರಗಿ ಬಂದರು. ಸುಡುಗಾಡು ಸುಮಾರು ಮೂರು ಮೈಲಿ. ಚಟ್ಟಕ್ಕೆ ಅಣ್ಣನ ಜೊತೆ ರಮಾಬಾಯಿಯೂ ಹೆಗಲು ಕೊಡಬೇಕಾಯಿತು. ಆದರೆ ಆಕೆ ಕುಳ್ಳಿ, ಹೆಗಲು ನಿಲುಕಲಿಲ್ಲ. ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ನಡೆದರು.

ಆಮೇಲಿನ ಕಥೆ ಅನೇಕರಿಗೆ ಗೊತ್ತು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದು ಕೊಟ್ಟರು. ಅಣ್ಣ ತೀರಿಕೊಂಡ, ಮದುವೆಯಾಯಿತು, ಎರಡು ವರ್ಷ ತುಂಬುವುದರೊಳಗೆ ಗಂಡನನ್ನು ಕಾಲರಾ ಒಯ್ದಿತು. ಮಗಳು ಮನೋರಮೆ ಇನ್ನೂ ಕೂಸು.

1883ರಲ್ಲಿ ಇಂಗ್ಲೆಂಡಿಗೆ ಹೋದದ್ದು ಓದಲು. ವಾಂಟೇಜಿನ ಮಠದ ಕ್ರೈಸ್ತ ಸಂನ್ಯಾಸಿನಿಯರು ಲಂಡನ್ನಿನ ಫುಲ್ಹ್ಯಾಮಿನಲ್ಲಿ ನಡೆಸುತ್ತಿದ್ದ ಒಂದು ಆಶ್ರಯಕ್ಕೆ ಅವರನ್ನು ಕರೆದೊಯ್ದರು. ‘ಕೆಟ್ಟವರು’ ಎಂದು ಲೋಕ ಹೊರಗೆ ಹಾಕಿದ ಹೆಂಗಸರು ಅಲ್ಲಿದ್ದರು. ಅಂಥವರನ್ನು ಊರು ಏನು ಮಾಡುತ್ತದೆ ಎಂದು ಧರ್ಮಶಾಸ್ತ್ರ ಓದಿದ್ದ ರಮಾಬಾಯಿಗೆ ಚೆನ್ನಾಗಿ ಗೊತ್ತಿತ್ತು. ಇವರಿಗೇಕೆ ಇಷ್ಟು ಆರೈಕೆ ಎಂದು ಕೇಳಿದಾಗ ಒಬ್ಬ ಸಂನ್ಯಾಸಿನಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ಓದಿ ಹೇಳಿದರು: ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗ. ಆ ವರ್ಷವೇ ಸೆಪ್ಟೆಂಬರಿನಲ್ಲಿ ತಾಯಿ, ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಇಲ್ಲಿಗೆ ಮಂಗಳ ಹಾಡಿದ್ದರೆ ಅದು ಮಿಶನ್ ಕರಪತ್ರವಾಗುತ್ತಿತ್ತು. ಹಾಗಾಗಲಿಲ್ಲ. ತಮ್ಮ ಮೇಲೆ ತಾಯಿಯಂತೆ ಅಕ್ಕರೆಯಿದ್ದ ವಾಂಟೇಜ್ ಮಠದ ಸಿಸ್ಟರ್ ಜೆರಾಲ್ಡಿನ್ ಜೊತೆ ಅವರು ಪತ್ರಗಳಲ್ಲಿ ಕಾದಾಡಿದರು. ಶಿಲುಬೆಯ ಮೇಲಿನ ಬರಹಕ್ಕೆ ಲ್ಯಾಟಿನ್ನೇ ಏಕೆ ಬೇಕು, ಸಂಸ್ಕೃತಕ್ಕೇನು ಕೊರತೆ ಎಂದು ಕೇಳಿದರು. ಸಸ್ಯಾಹಾರ ಬಿಡಲಿಲ್ಲ. ಒಂದು ಪಂಡಿತರ ಸಭೆಯಿಂದ ಎದ್ದು ಬಂದವಳು ಇನ್ನೊಂದಕ್ಕೆ ತಲೆಬಾಗುವುದಿಲ್ಲ ಎಂಬ ಛಲ ಆ ಪತ್ರಗಳ ತುಂಬ ಇದೆ. ನನಗೆ ರಮಾಬಾಯಿ ಹತ್ತಿರವಾದದ್ದು ಆ ಜಗಳಗಂಟಿತನದಿಂದ.

1907ರಲ್ಲಿ ಬರೆದ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಅವರು ಇನ್ನೂ ದೊಡ್ಡ ಮಾತು ಹೇಳುತ್ತಾರೆ. ದೀಕ್ಷಾಸ್ನಾನದಲ್ಲಿ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಸಿಗಲಿಲ್ಲ. ಅದು ಗೊತ್ತಾಗಲು ಎಂಟು ವರ್ಷ ಬೇಕಾಯಿತು ಎನ್ನುತ್ತಾರೆ. ಆ ದಾರಿಯಲ್ಲಿ ಅವರಿಗೆ ಒದಗಿದ್ದು ಕಾರ್ನ್‌ವಾಲಿನ ಪಾದ್ರಿ ವಿಲಿಯಂ ಹ್ಯಾಸ್ಲಮ್ ಬರೆದ ಆತ್ಮಕಥೆ. ಈ ಪಾದ್ರಿಗೆ ಮನಸ್ಸು ತಿರುಗಿದ್ದು ಪ್ರಸಂಗಪೀಠದಲ್ಲಿ, ತನ್ನದೇ ಪ್ರಸಂಗದ ನಡುವೆ! ಪಾದ್ರಿಗೂ ಹೊಸದಾಗಿ ಹುಟ್ಟಬೇಕಾಗುತ್ತದೆ ಎಂದಮೇಲೆ ಪಂಡಿತೆಯ ಮಾತೇನು? ಅವರ ತಂದೆತಾಯಿ ಜೀವ ಇರುವವರೆಗೂ ಪುಣ್ಯದ ಖಾತೆಗೆ ಜಮಾ ಮಾಡುತ್ತಲೇ ಇದ್ದರು. ಹೊಸ ಮತಕ್ಕೆ ಬಂದ ಮಗಳು ಒಳ್ಳೆಯ ಕೆಲಸ, ಒಳ್ಳೆಯ ನಡತೆ ಎಂದು ಅದೇ ಖಾತೆ ಮುಂದುವರಿಸಿದ್ದರು ಎಂದು ನನಗೆ ಅನ್ನಿಸುತ್ತದೆ. ಸಾಲ ಆಗಲೇ ತೀರಿದೆ, ನೀನು ಕಟ್ಟಬೇಕಾದ್ದೇನೂ ಇಲ್ಲ ಎಂಬ ಮಾತನ್ನು ನಂಬುವುದು ಮತ ಬದಲಾಯಿಸುವುದಕ್ಕಿಂತ ಕಷ್ಟ.

ಹಾಗೆ ಹಗುರಾದವರು ಕೈಕಟ್ಟಿ ಕೂರಲಿಲ್ಲ. ಮುಂಬಯಿಯಲ್ಲಿ 1889ರಲ್ಲಿ ತೆರೆದು ಪುಣೆಗೆ ಸಾಗಿಸಿದ್ದ ವಿಧವೆಯರ ಶಾಲೆ ಶಾರದಾ ಸದನದಲ್ಲಿ ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕೂರುತ್ತಾರೆಂದು 1893ರಲ್ಲಿ ಸುಧಾರಕರಾದ ರಾನಡೆ, ಭಂಡಾರ್ಕರ್ ಅದರ ಸಲಹಾ ಮಂಡಳಿ ಬಿಟ್ಟರು, ‘ಕೇಸರಿ’ ಪತ್ರಿಕೆ ಕಿಡಿಕಾರಿತು. ಶಾಲೆ ಯಾವ ಮತದ್ದೂ ಅಲ್ಲ ಎಂಬ ಮಾತಿನ ಮೇಲೆ ಮಕ್ಕಳನ್ನು ಕಳಿಸಿದ್ದ ಮನೆಯವರ ಸಿಟ್ಟು ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಬೇಕು. 1896-97ರ ಬರದಲ್ಲಿ, ಹಿಂದೊಮ್ಮೆ ಸೊಪ್ಪು ತಿಂದು ಬದುಕಿದ್ದ ಈ ಹೆಂಗಸು ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಪುಣೆ ಬಳಿಯ ಕೇಡಗಾಂವಿಗೆ ಕರೆತಂದರು. ಅಲ್ಲಿ ಬೆಳೆದ ‘ಮುಕ್ತಿ’ ಆಶ್ರಮದಲ್ಲಿ ಮಗ್ಗ, ಹೈನು, ಎಣ್ಣೆಗಾಣ, ಕುರುಡರಿಗೆ ಬ್ರೈಲ್, ಹೆಂಗಸರೇ ನಡೆಸುವ ಅಚ್ಚುಕೂಟ ಎಲ್ಲ ಇದ್ದವು. ಫುಲ್ಹ್ಯಾಮಿನಲ್ಲಿ ಕಂಡಂಥ ಹೆಂಗಸರಿಗೆಂದೇ ‘ಕೃಪಾ ಸದನ’ ಇತ್ತು. 1912ರಲ್ಲಿ ಮನೋರಮೆ ಕಲಬುರಗಿಯಲ್ಲಿ ಶಾಲೆ ತೆರೆದರು. ಮಗಳು 1921ರಲ್ಲಿ ತೀರಿಕೊಂಡರು. ಬೈಬಲ್ಲನ್ನು ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಗೆ ತರುವ ಕೆಲಸಕ್ಕೆ ವರ್ಷಗಟ್ಟಲೆ ಕೂತಿದ್ದ ತಾಯಿ 1922ರ ಏಪ್ರಿಲ್ 5ರಂದು ಹೋದರು.

ರಮಾಬಾಯಿಯವರ ಸಾಕ್ಷಿಯ ಪುಸ್ತಕ ಚಿಕ್ಕದು, ಎರಡು ಸಂಜೆ ಸಾಕು. ಅವರ ನಂಬಿಕೆಯನ್ನು ಒಪ್ಪದವರೂ ಅವರ ಬಾಯಿಂದಲೇ ಒಮ್ಮೆ ಅದನ್ನು ಕೇಳಲಿ. ಓದಿ ಬರೆಯಿರಿ, ಜಗಳ ಇದ್ದರೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.