ಕಂಬ ಬೇಡ, ಅಂಕಣ ಎಣಿಸು

ಕಳೆದ ವಾರ ಮೊಮ್ಮಗಳ ಕಂಪಾಸ್ ಪೆಟ್ಟಿಗೆಯ ಪಟ್ಟಿ ಮುರಿಯಿತು. ಹದಿನೈದು ಸೆಂಟಿಮೀಟರಿನ ಪ್ಲಾಸ್ಟಿಕ್ ಪಟ್ಟಿ. ಬೆಂಚುಗಳ ನಡುವೆ ಕತ್ತಿವರಸೆ ನಡೆದು ಸೊನ್ನೆಯಿಂದ ಎರಡರವರೆಗಿನ ತುಂಡು ಎತ್ತಲೋ ಹಾರಿಹೋಗಿತ್ತು. ಉಳಿದ ಹದಿಮೂರು ಸೆಂಟಿಮೀಟರು ಗಟ್ಟಿಮುಟ್ಟಾಗಿಯೇ ಇತ್ತು. ಹುಡುಗಿ ಓದುವುದು ನಾಗಪುರದಲ್ಲಿ, ನಾಲ್ಕನೇ ಇಯತ್ತೆ. ಮನೆಯೊಳಗೆ ಮಾತ್ರ ನಮ್ಮ ಧಾರವಾಡದ ಮಾತು.

“ಅಜ್ಜಾ, ಇದರಾಗ ಸೊನ್ನೀನ ಇಲ್ಲ. ಇನ್ನ ಇದರಿಂದ ಅಳೀಲಿಕ್ಕೆ ಬರೂದಿಲ್ಲ. ಹೊಸಾದು ಕೊಡಸು.”

ಕೊಡಿಸಬಹುದಿತ್ತು, ದೊಡ್ಡ ಖರ್ಚಲ್ಲ. ಆದರೆ ಆ ‘ಬರೂದಿಲ್ಲ’ ನನ್ನನ್ನು ಹಿಡಿದು ನಿಲ್ಲಿಸಿತು. ಪೆನ್ಸಿಲಿನ ಬುಡವನ್ನು ಎರಡರ ಗೆರೆಗೆ ತಾಗಿಸಿಟ್ಟೆ. ತುದಿ ಒಂಬತ್ತಕ್ಕೆ ಬಂತು. ಎಷ್ಟುದ್ದ ಎಂದೆ. “ಒಂಬತ್ತು.” ಹಾಗಲ್ಲ, ಎಣಿಸು ಎಂದೆ. ಗೆರೆಗಳ ಮೇಲೆ ಬೆರಳಿಡುತ್ತ ಹೋದಳು. “ಎಂಟು.” ಎರಡೂ ತಪ್ಪು, ಆದರೆ ಎರಡನೆಯದು ಯೋಚನೆ ಮಾಡಿದವರ ತಪ್ಪು. ಏಳು ಬರಬೇಕಾದರೆ ಅವಳು ಗೆರೆಗಳನ್ನು ಬಿಟ್ಟು ಗೆರೆಗಳ ನಡುವಿನ ಜಾಗಗಳನ್ನು ಎಣಿಸಬೇಕಿತ್ತು.

ಇದು ನಮ್ಮ ಮನೆಯೊಂದರ ಕತೆಯಾಗಿದ್ದರೆ ಇಲ್ಲಿಗೆ ಎಳೆದು ತರುತ್ತಿರಲಿಲ್ಲ. 2024ರ ಜನವರಿಯಲ್ಲಿ ಹೊರಬಂದ ‘ಅಸರ್ 2023’ ವರದಿ ನೆನಪಾಯಿತು. 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನ 34 ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಅವರವರ ಮನೆಗೇ ಹೋಗಿ ಮಾತಾಡಿಸಿದ ಸಮೀಕ್ಷೆ ಅದು. ಪಟ್ಟಿಯ ಸೊನ್ನೆಗೆ ತಾಗಿಸಿದ ವಸ್ತುವಿನ ಉದ್ದವನ್ನು ನೂರಕ್ಕೆ ಸುಮಾರು 85 ಮಂದಿ ಸರಿಯಾಗಿ ಹೇಳಿದರು. ವಸ್ತುವನ್ನು ಚೂರು ಸರಿಸಿ ಬೇರೆ ಗೆರೆಯಿಂದ ಇಟ್ಟದ್ದೇ ತಡ, ಸರಿ ಹೇಳಿದವರು ನೂರಕ್ಕೆ 39. 2017ರಲ್ಲಿ ಇದೇ ಪ್ರಶ್ನೆಗೆ ಬಂದಿದ್ದ ಅಂಕಿಗಳು 86 ಮತ್ತು 40. ನಡುವೆ ಆರು ವರ್ಷ ಕಳೆಯಿತು, ಹೊಸ ಶಿಕ್ಷಣ ನೀತಿ ಬಂತು, ಕೊರೊನಾ ಬಂದು ಹೋಯಿತು. ಈ ಅಂಕಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ಇವರು ಮೂರನೇ ಇಯತ್ತೆಯ ಕೂಸುಗಳಲ್ಲ, ನಾಳೆ ಕಿಟಕಿಯ ಚೌಕಟ್ಟಿಗೆ ಗಾಜು ಕತ್ತರಿಸುವವರು, ರವಿಕೆ ಹೊಲಿಯುವವರು, ಸೂಜಿಯ ಕೊಳವೆಯಲ್ಲಿ ಔಷಧ ಎಳೆಯುವವರು. ಅವರು ಕಲಿತದ್ದು ಅಳೆಯುವುದನ್ನಲ್ಲ, ತುದಿಯಲ್ಲಿ ಬರೆದಿರುವ ಅಂಕಿ ಓದುವುದನ್ನು.

ಮೊಮ್ಮಗಳಿಗೆ ದಾರಿ ಸಿಕ್ಕಿದ್ದು ಒಂದು ಹಳೆಯ ಫೋಟೋದಿಂದ. ನನ್ನ ತಾಯಿಯ ತವರುಮನೆಯ ಪಡಸಾಲೆ. ಆ ಕಡೆ ಮನೆಯ ದೊಡ್ಡಸ್ತಿಕೆಯನ್ನು ಯಾರೂ ಚದರಡಿಯಲ್ಲಿ ಹೇಳುತ್ತಿರಲಿಲ್ಲ. ಐದಂಕಣದ ಮನೆ, ಏಳಂಕಣದ ಮನೆ ಎನ್ನುತ್ತಿದ್ದರು. ಎರಡು ಕಂಬಗಳ ನಡುವಿನ ಜಾಗವೇ ಅಂಕಣ. ಫೋಟೋದಲ್ಲಿ ಸಾಲಾಗಿ ಆರು ಕಂಬ. “ಕಂಬ ಆರು, ಅಂಕಣ ಎಷ್ಟು?” ಬೆರಳಿಟ್ಟು ನೋಡಿದಳು, ಐದು. “ನಾವು ಮಲಗೂದು ಕಂಬದಾಗೇನು, ಅಂಕಣದಾಗ?” ಹುಡುಗಿ ನಕ್ಕಳು. ಮತ್ತೆ ಮುರಿದ ಪಟ್ಟಿ ಕೈಗೆ ಬಂತು. ಏಳು! ಪತ್ರಿಕೆಯ ಈ ಪಟ್ಟಿಗೂ ಅಂಕಣ ಎಂದೇ ಹೆಸರಿಟ್ಟವರು ಯಾರೋ, ಅವರಿಗೊಂದು ನಮಸ್ಕಾರ. ಎರಡು ಗೆರೆಗಳ ನಡುವಿನ ಜಾಗದಲ್ಲೇ ಅಲ್ಲವೇ ನನ್ನ ಹೊಟ್ಟೆಪಾಡೂ ನಡೆದಿರುವುದು.

ಆದರೂ ಅವಳಿಗೆ ಸೊನ್ನೆಯ ಮೋಹ ಬಿಡಲಿಲ್ಲ. ಖರೇ ಸೊನ್ನೆ ಎಲ್ಲಿರುತ್ತದೆ ಎಂದು ವರಾತ. ಹಾಗೆ ಕೇಳುವ ಮಗುವಿಗೆ ನಾಗಪುರದಂಥ ಊರು ಇನ್ನೊಂದಿಲ್ಲ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಸೀತಾಬರ್ಡಿ ಪಕ್ಕದ ಝೀರೋ ಮೈಲ್‌ಗೆ ಕರೆದುಕೊಂಡು ಹೋದೆ. 1907ರಲ್ಲಿ ಬ್ರಿಟಿಷರು ನಿಲ್ಲಿಸಿದ ಮರಳುಗಲ್ಲಿನ ಕಂಬ, ಜೊತೆಗೆ ನಾಲ್ಕು ಕುದುರೆ. ದೇಶದ ನಡುಬಿಂದು ಇದೇ ಎಂದು ಇಲ್ಲಿಯವರು ಎದೆಯುಬ್ಬಿಸಿ ಹೇಳುತ್ತಾರೆ. ದೇಶ ಒಡೆದ ಮೇಲೆ ನಡುಬಿಂದು ಮಧ್ಯಪ್ರದೇಶದ ಕಡೆ ಸರಿಯಿತೆಂಬ ತಕರಾರೂ ಇದೆ, ಅದನ್ನು ಇಲ್ಲಿ ಗಟ್ಟಿಯಾಗಿ ಹೇಳದಿರುವುದು ಒಳ್ಳೆಯದು. ಕಂಬದ ಮೇಲೆ ಊರುಗಳ ದೂರ ಕೆತ್ತಿದ್ದಾರೆ, ಹೈದರಾಬಾದಿಗೆ 318 ಮೈಲಿ, ಜಬಲ್ಪುರಕ್ಕೆ 170. ಮೈಲಿ ಎಂದರೇನು ಎಂದು ಕೇಳಿದಳು. ಒಂದು ಮೈಲಿಗೆ ಒಂದು ಕಿಲೋಮೀಟರು ಆರುನೂರು ಮೀಟರು ಅಂತ ಹಿಡಿ ಎಂದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಗುಣಿಸಿದಳು, ಹೈದರಾಬಾದಿಗೆ ಐನೂರು ಚಿಲ್ಲರೆ ಬಂತು. ರಜೆಯಲ್ಲಿ ಕಾರಿನಲ್ಲಿ ಹೋಗಿಬಂದವಳು, “ಹೌದು, ಅಷ್ಟ ಆಗ್ತದ” ಎಂದಳು. ಆ ‘ಅಷ್ಟ ಆಗ್ತದ’ ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಅಲ್ಲಿಯ ಇನ್ನೊಂದು ಅಂಕಿ ನನ್ನನ್ನು ಯಾವಾಗಲೂ ಕಾಡುತ್ತದೆ: ಸಮುದ್ರಮಟ್ಟದಿಂದ ಎತ್ತರ 1020.171 ಅಡಿ. ಆ ಕೊನೆಯ ಒಂದನ್ನು ನೋಡಿ, ಅಡಿಯ ಸಾವಿರದಲ್ಲೊಂದು ಪಾಲು. ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ಎಲ್ಲಿಯ ಸಮುದ್ರ, ಎಲ್ಲಿಯ ನಾಗಪುರ! ಅಷ್ಟಕ್ಕೂ ಅಲೆಯೇಳುವ ಸಮುದ್ರದಲ್ಲಿ ಸೊನ್ನೆಯ ಗೆರೆ ಎಳೆದವರು ಯಾರು? ಅದೂ ಮನುಷ್ಯರೇ ಕೂತು ಒಪ್ಪಿಕೊಂಡದ್ದು. 1909ರಲ್ಲಿ ದೇಶದ ಎತ್ತರಗಳಿಗೆಲ್ಲ ಆಧಾರವೆಂದು ಗೊತ್ತುಮಾಡಿದ ಸಮುದ್ರಮಟ್ಟಕ್ಕೆ ಒಂಬತ್ತು ಕಡೆಯ ಉಬ್ಬರ ಇಳಿತಗಳ ಲೆಕ್ಕ ಹಿಡಿದಿದ್ದರು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಸೊನ್ನೆ ಆಕಾಶದಿಂದ ಬಿದ್ದದ್ದಲ್ಲ, ಎಲ್ಲರೂ ಒಪ್ಪಿದಲ್ಲಿ ಇಟ್ಟದ್ದು ಎಂದು ಮೊಮ್ಮಗಳಿಗೆ ಹೇಳಿದೆ. “ಹಂಗಾದ್ರ ನನ್ನ ಪಟ್ಟಿಯ ಸೊನ್ನಿ ಎರಡರ ಮ್ಯಾಲೆ ಇಡೂಣು?” ಇಡು ತಾಯಿ, ಯಾರು ಬೇಡ ಅಂದರು.

ಇದೇ ಮಾತಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ದೊರೆಯ ಕತೆಯೂ ಬಂತು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ನೂರಡಿಯ ಉಕ್ಕಿನ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿಯ ನೇರ ಗೆರೆ ಅಳೆದು, ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ದೇಶವನ್ನೇ ಅಳೆಯಲು ಹೊರಟವನು. ಸರಪಳಿಗೆ ಬಿಸಿಲು ತಾಗದಂತೆ ಡೇರೆ ಹಾಕಿಸುತ್ತಿದ್ದ, ಪಕ್ಕದಲ್ಲಿ ಉಷ್ಣಮಾಪಕ ಇಡಿಸುತ್ತಿದ್ದ. ಹತ್ತು ಡಿಗ್ರಿ ಬಿಸಿ ಏರಿದರೆ ಅಂಥ ಸರಪಳಿ ಮೂರು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಎರಡು ವರ್ಷ ಬಿಟ್ಟು ಬೆಂಗಳೂರಿನ ಬಳಿ ಇನ್ನೊಂದು ಗೆರೆ ಅಳೆದ. ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ಕೆಲವೇ ಅಂಗುಲ. 1823ರ ಜನವರಿಯಲ್ಲಿ, ನಾಗಪುರಕ್ಕೆ ಬರುವ ದಾರಿಯಲ್ಲೇ, ಇಲ್ಲಿಂದ ಎಂಬತ್ತು ಕಿಲೋಮೀಟರಿನ ಒಳಗಿರುವ ಹಿಂಗಣಘಾಟದಲ್ಲಿ ತೀರಿಕೊಂಡ. ಗೋರಿಯೂ ಅಲ್ಲೇ ಇದೆ. ವಿದರ್ಭದ ಎಷ್ಟು ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಾರೋ.

ಈಗ ಆ ‘ಅಷ್ಟ ಆಗ್ತದ’ಕ್ಕೆ ಬರುತ್ತೇನೆ. 2024ರ ಮೇ 30ರಂದು ನಾಗಪುರದ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿತು. ಟಿವಿಯವರು ಕುಣಿದಾಡಿದರು. ನಮ್ಮ ಓಣಿಯ ಹಾಲಿನವನು ಮಾತ್ರ ಕೈಯಾಡಿಸಿ, ಸುಳ್ಳು ಸಾಹೇಬ್ರೆ, ನಿನ್ನೆಯ ಹಾಗೇ ಇದೆ ಅಂದ. ಈ ಊರಿನ ಬಿಸಿಲಿನ ದಾಖಲೆ 2013ರ ಮೇ 23ರ 47.9. ಅದನ್ನು ಮೈಯಲ್ಲಿ ಉಂಡವರಿಗೆ 56 ಎಂಬುದು ಹತ್ತಿರಕ್ಕೂ ಬರುವ ಮಾತಲ್ಲ. ಸೆನ್ಸರ್ ಕೆಟ್ಟಿತ್ತೆಂದು ಹವಾಮಾನ ಇಲಾಖೆ ಆಮೇಲೆ ಹೇಳಿತು. ಇಲಾಖೆಗಿಂತ ಮೊದಲು ಹಾಲಿನವನು ಹೇಳಿದ್ದನಲ್ಲ, ಅದಕ್ಕೆ ಅಂದಾಜು ಎನ್ನುತ್ತಾರೆ. ಶಾಲೆಯಲ್ಲಿ ಅಂದಾಜಿಗೆ ಅಂಕ ಇಲ್ಲ. ಹಾಗಾಗಿಯೇ ಪೆನ್ಸಿಲಿನ ಉದ್ದ 18 ಮೀಟರು ಎಂದು ಬರೆದ ಮಗುವಿಗೆ ಅದು ವಿಚಿತ್ರ ಅನಿಸುವುದಿಲ್ಲ. ಅಂಕಿ ಸರಿ, ಪಕ್ಕದ ಅಕ್ಷರ ಒಂದು ತಪ್ಪಿತು ಅಷ್ಟೇ ಅಂದುಕೊಳ್ಳುತ್ತದೆ. ನನ್ನ ಕೈಗೆ ಕೊಟ್ಟರೆ, ಮೊದಲು ಅಂದಾಜು ಬರೆಯದೆ ಯಾವ ಮಗುವಿಗೂ ಪಟ್ಟಿ ಮುಟ್ಟಲು ಬಿಡುವುದಿಲ್ಲ.

ಪುಸ್ತಕದ ತಪ್ಪೇನೂ ಇಲ್ಲ. ಈಗಿನ ಪುಸ್ತಕಗಳು ಗೇಣಿನಿಂದ, ಹೆಜ್ಜೆಯಿಂದಲೇ ಶುರುಮಾಡುತ್ತವೆ. ತಪ್ಪಿರುವುದು ಅವಸರದಲ್ಲಿ. ಐವತ್ತು ಮಕ್ಕಳ ತರಗತಿಯಲ್ಲಿ ಎಲ್ಲರೂ ಮೇಜನ್ನು ಗೇಣು ಹಾಕಿ ಅಳೆದರೆ ಗದ್ದಲ. ಟೀಚರು ತಾವೇ ಗೇಣು ಹಾಕಿ ತೋರಿಸಿ, ಎಂಟು ಅಂತ ಹಲಗೆಯ ಮೇಲೆ ಬರೆದು ಮುಂದೆ ಹೋಗುತ್ತಾರೆ. ಮಕ್ಕಳೂ ಎಂಟು ಅಂತ ಬರೆದುಕೊಳ್ಳುತ್ತಾರೆ. ಟೀಚರಿಗೆ ಎಂಟು ಬಂದದ್ದು ತನಗೆ ಹನ್ನೊಂದು ಯಾಕೆ ಬಂತು ಎಂಬ ಜಗಳ ಹುಟ್ಟುವುದೇ ಇಲ್ಲ. ಆ ಜಗಳವೇ ಪಾಠ. ಜಗಳವಾಡಿದ ಮಗು ತಾನಾಗಿ, ಎಲ್ಲರಿಗೂ ಒಂದೇ ಅಳತೆ ಬೇಕು ಟೀಚರ್ ಎನ್ನುತ್ತದೆ. ಸರಕಾರಕ್ಕೂ ಅದು ಬೇಕೆನಿಸಿದ್ದು ಹಾಗೆಯೇ. ಊರಿಗೊಂದು ಸೇರು, ಸಂತೆಗೊಂದು ಮಣ ಇದ್ದ ದೇಶಕ್ಕೆ 1956ರಲ್ಲಿ ಕಾಯ್ದೆ ಮಾಡಿ, 1958ರ ಅಕ್ಟೋಬರಿನಿಂದ ಕಿಲೋ ಗ್ರಾಂ ತಂದರು. ಆದರೂ ಹಳೆಯ ಹೆಸರು ಸಾಯುವುದಿಲ್ಲ, ಮೈ ಮಾತ್ರ ಬದಲಿಸುತ್ತದೆ. ಇತವಾರಿಯ ಸರಾಫ ಕಟ್ಟೆಯಲ್ಲಿ ಇವತ್ತಿಗೂ ಚಿನ್ನಕ್ಕೆ ತೊಲಾ ಎಂದೇ ಭಾವ ಹೇಳುತ್ತಾರೆ. ಹಳೆಯ ತೊಲೆ 11.66 ಗ್ರಾಂ, ಈಗಿನದು ದುಂಡಗೆ ಹತ್ತು. ಮಂಗಳೂರಿನ ನಮ್ಮ ಬೀಗರು ಪವನಿನಲ್ಲಿ ಮಾತಾಡುತ್ತಾರೆ, ಅದು ಎಂಟು. ಮದುವೆಯ ಮಾತುಕತೆಯಲ್ಲಿ ಈ ಎರಡು ಗ್ರಾಮಿನ ಮೇಲೆ ನಡೆದ ಚರ್ಚೆಯನ್ನು ಯಾವ ಗಣಿತದ ಪುಸ್ತಕವೂ ಹಾಕಿಕೊಳ್ಳಲಾರದು.

ಕರ್ನಾಟಕದ ಸರಕಾರಿ ಶಾಲೆಗಳ ಮಕ್ಕಳ ಸಂತೆ, ಮೆಟ್ರಿಕ್ ಮೇಳ ನನಗೆ ಬಲು ಇಷ್ಟ. ಮಹಾರಾಷ್ಟ್ರದಲ್ಲಿ ಅದಕ್ಕೆ ಬಾಲ ಆನಂದ ಮೇಳಾವಾ ಎನ್ನುತ್ತಾರೆ. ಆದರೆ ನಾನು ನೋಡಿದ ಒಂದೆರಡು ಸಂತೆಗಳಲ್ಲಿ ಮೆಂತ್ಯೆ ಸಿವುಡಿನ ಲೆಕ್ಕ, ಬದನೆಕಾಯಿ ಹತ್ತು ರೂಪಾಯಿಗೊಂದು ಗುಡ್ಡೆ, ಉಳಿದದ್ದು ಅಪ್ಪ ಮನೆಯಲ್ಲೇ ತೂಗಿ ಕಟ್ಟಿಕೊಟ್ಟ ಪೊಟ್ಟಣ. ಚಿಲ್ಲರೆ ಕೊಡುವುದನ್ನು ಮಕ್ಕಳು ಚೆನ್ನಾಗಿ ಕಲಿತರು, ತೂಗುವುದನ್ನಲ್ಲ. ಎಲೆಕ್ಟ್ರಾನಿಕ್ ಕಾಟಾ ಇದ್ದರೂ ಅಷ್ಟೇ, ಅದು ಅಂಕಿ ತೋರಿಸುತ್ತದೆ, ತೂಕ ತೋರಿಸುವುದಿಲ್ಲ. ಹಳೆಯ ತಕ್ಕಡಿಯ ಒಂದು ತಟ್ಟೆಗೆ ಅರ್ಧ ಕಿಲೋದ ಬಟ್ಟು, ಇನ್ನೊಂದಕ್ಕೆ ಈರುಳ್ಳಿ ಹಾಕಿ, ಮುಳ್ಳು ನೆಟ್ಟಗಾಗುವ ತನಕ ಒಂದು ಹಾಕು ಒಂದು ತೆಗೆ ಮಾಡಿದ ಮಗುವಿಗೆ ‘ಸಮ’ ಎಂಬುದನ್ನು ಬೇರೆ ಕಲಿಸಬೇಕಿಲ್ಲ. ಇಲ್ಲಿಯ ತರಕಾರಿ ಬಜಾರಿನ ಹೆಂಗಸರು ಪಾವ್, ಪೌಣ, ಸವ್ವಾ, ದೀಡ್, ಅಡೀಚ್ ಎಂದು ಹರಿಬಿಡುವ ಭಿನ್ನರಾಶಿಗಳಲ್ಲಿ ಸವ್ವಾವನ್ನು ನಮ್ಮ ಹುಡುಗಿ ಪುಸ್ತಕದಲ್ಲಿ 1.25 ಎಂದು ನೋಡಿದಾಗ ಗುರುತೇ ಹಿಡಿಯಲಿಲ್ಲ. ದಿನಾ ಮಾತಾಡಿಸುವ ಮನುಷ್ಯ ಕೋಟು ಹಾಕಿಕೊಂಡು ಬಂದಹಾಗೆ.

ಝೀರೋ ಮೈಲ್‌ನಿಂದ ಹಿಂತಿರುಗುವಾಗ ಮೋತಿಬಾಗಿನ ನ್ಯಾರೋಗೇಜ್ ರೈಲು ವಸ್ತುಸಂಗ್ರಹಾಲಯಕ್ಕೂ ಹೊಕ್ಕೆವು. 2002ರಲ್ಲಿ ತೆರೆದದ್ದು. ಪಕ್ಕದ ಮನೆಯ ಹುಡುಗನೂ ಜೊತೆಗಿದ್ದ. ನಾಗಪುರದಲ್ಲಿ ಮೂರು ಅಗಲದ ಹಳಿಗಳುಂಟು: ದೊಡ್ಡ ರೈಲಿನದು 1676 ಮಿಲಿಮೀಟರು, ಮೆಟ್ರೋದ್ದು 1435, ಸಾತಪುಡಾ ಕಾಡಿನೊಳಗೆ ಓಡಾಡುತ್ತಿದ್ದ ಸಣ್ಣ ರೈಲಿನದು 762. ಮೊದಲೆರಡನ್ನು ಹತ್ತಿರ ಹೋಗಿ ಅಳೆಯುವ ಹಾಗಿಲ್ಲ. ಮೂರನೆಯದು ಇಲ್ಲಿ ಅಲುಗಾಡದೆ ನಿಂತ ಎಂಜಿನಿನ ಕೆಳಗೆ ಮಲಗಿದೆ. ಅಂಕಿ ಹೇಳದೆ, ಮೊದಲು ಅಂದಾಜು ಹೇಳಿ ಎಂದೆ. ಹುಡುಗ ಒಂದು ಮೀಟರು ಎಂದ. ಇವಳು ತನ್ನ ಗೇಣು ಹಾಕಿ ನೋಡಿ, ಎಪ್ಪತ್ತು ಸೆಂಟಿಮೀಟರು ಎಂದಳು. ನನ್ನ ಕಿಸೆಯಲ್ಲಿದ್ದ ದಾರವನ್ನು ಹಳಿಯಿಂದ ಹಳಿಗೆ ಎಳೆದು ಹಿಡಿದರು, ಗುರುತಿಗೆ ಗಂಟು ಹಾಕಿದರು, ನೆಲದ ಮೇಲೆ ಚಾಚಿ ಮುರಿದ ಪಟ್ಟಿಯಿಂದ ಅಳೆಯತೊಡಗಿದರು. ಎರಡರಿಂದ ಹದಿನೈದಕ್ಕೆ ಒಂದು ಹದಿಮೂರು, ಮತ್ತೆ ಎರಡರಿಂದ ಹದಿನೈದಕ್ಕೆ ಇನ್ನೊಂದು ಹದಿಮೂರು. ಅವಳಿಗೆ ಎಪ್ಪತ್ತೇಳು ಬಂತು. ಅವನು ಅಳೆದಾಗ ಎಂಬತ್ತೈದು. ದಾರ ಹಿಗ್ಗಿಸಿದಿ ಎಂದು ಇವಳು, ನೀನು ಎಣಿಸುವಾಗ ಬಿಟ್ಟಿ ಎಂದು ಅವನು, ಮರಾಠಿಯಲ್ಲಿ ಚೆನ್ನಾಗಿಯೇ ಹತ್ತಿಕೊಂಡಿತು. ನಾನು ಬಾಯಿ ಹಾಕಲಿಲ್ಲ.

ಆಮೇಲೆ ಹುಡುಗಿ ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವನು ದಾರ ಹಿಡಿದಿದ್ದ ಜಾಗವನ್ನೂ ತಾನು ಹಿಡಿದಿದ್ದ ಜಾಗವನ್ನೂ ಸುಮಾರು ಹೊತ್ತು ನೋಡಿದಳು. “ಅಜ್ಜಾ, ಹಳಿ ಅಗಲ ಅಂದ್ರ ಒಳಗಿಂದೋ, ಹೊರಗಿಂದೋ?”

ಅಲ್ಲೇ ನಿಂತಿದ್ದ ಕಾವಲುಗಾರ ಕನ್ನಡ ಬಾರದಿದ್ದರೂ ಕೈಸನ್ನೆಯಿಂದಲೇ ಪ್ರಶ್ನೆ ಹಿಡಿದು, “ಅಂದರ್ ಸೇ, ಬೇಟಾ” ಎಂದ. ಇಬ್ಬರೂ ಗಂಟು ಬಿಚ್ಚಿ ದಾರವನ್ನು ಮತ್ತೆ ಹಳಿಗೆ ಹಿಡಿದರು.