ಮೂರು ದಿನದವರು

ನಮ್ಮ ಕಚೇರಿಗಳಿಗೂ ಗುತ್ತಿಗೆದಾರರಿಗೂ ಬಹಳ ಪ್ರಿಯವಾದ ಪದವೊಂದಿದೆ: ತಾತ್ಕಾಲಿಕ. ಇಷ್ಟು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವಳಾದ್ದರಿಂದ ಈ ಪದದ ಮೇಲೆ ನನ್ನದೊಂದು ತಕರಾರಿದೆ. ಅದು ವಿಶೇಷಣ. ಅಂಟಬೇಕಾದದ್ದು ಕೆಲಸಕ್ಕೆ. ಕೆಲಸ ತಾತ್ಕಾಲಿಕ ಎಂದರೆ ಒಪ್ಪುತ್ತೇನೆ; ಸುಗ್ಗಿ ಮುಗಿಯುತ್ತದೆ, ಕಟ್ಟುವ ಮನೆ ಮುಗಿಯುತ್ತದೆ. ಆದರೆ ನಮ್ಮಲ್ಲಿ ಆ ಪದ ಕೆಲಸವನ್ನು ಬಿಟ್ಟು ಮನುಷ್ಯರಿಗೆ ಅಂಟಿಕೊಂಡು ಕೂತಿದೆ. ಆಳು ತಾತ್ಕಾಲಿಕ, ಆಳಿನ ಕೈ ತಾತ್ಕಾಲಿಕ, ಕಣ್ಣು ತಾತ್ಕಾಲಿಕ. ಮಿಷನ್ನಿಗೆ ಸಿಕ್ಕ ಬೆರಳು ಮಾತ್ರ ಕಾಯಮ್ಮಾಗಿ ಹೋಗುತ್ತದೆ.

ಸುಗ್ಗಿಯ ದಿನಗಳಲ್ಲಿ ಸಿರಿಗೆರೆಯಿಂದ ಭರಮಸಾಗರದ ಕಡೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿ. ಟ್ರ್ಯಾಕ್ಟರಿಗೆ ಜೋಡಿಸಿದ ಮೆಕ್ಕೆಜೋಳದ ಮಿಷನ್ನು ಹೊಲದಲ್ಲಿ ಗುಡುಗುತ್ತಿರುತ್ತದೆ. ಅದರ ಬಾಯಿಗೆ ಪುಟ್ಟಿಯಲ್ಲಿ ತೆನೆ ತುಂಬಿ ಸುರಿಯುವವರು ಹೆಚ್ಚಾಗಿ ಹೆಂಗಸರು. ಧೂಳಿಗೆ ಮೂಗಿನ ಮೇಲೊಂದು ಟವೆಲ್ಲು, ಸೀರೆಯ ಮೇಲೆ ಗಂಡನದೋ ಮಗನದೋ ಹಳೇ ಅಂಗಿ. ಪೇಟೆಯ ಹುಡುಗಿಯರು ಆ ವೇಷ ಕಂಡು ನಗುವುದುಂಟು. ನಗಬೇಡಿ. ಆ ಅಂಗಿ ಅವರೇ ಕಂಡುಕೊಂಡ ಉಪಾಯ. ಬಿಸಿಲಿಗೂ ಆಯಿತು, ಸುಂಕಿಗೂ ಆಯಿತು, ಸೆರಗು ಗಾಳಿಗೆ ಹಾರಿ ಬೆಲ್ಟಿಗೆ ಸಿಗದಂತೆಯೂ ಆಯಿತು. ಟ್ರ್ಯಾಕ್ಟರಿನಿಂದ ಮಿಷನ್ನಿಗೆ ಶಕ್ತಿ ಕೊಡುವ ಆ ಗಿರಗಿರ ತಿರುಗುವ ಕಬ್ಬಿಣದ ದಂಡಕ್ಕೆ ಒಂದು ಮುಚ್ಚಿಗೆ ಹಾಕಿದರೆ ಆಗುವ ಕೆಲಸವನ್ನು ನಾವು ಹಳೇ ಅಂಗಿಯ ನಾಲ್ಕು ಗುಂಡಿಗಳಿಗೆ ವಹಿಸಿಬಿಟ್ಟಿದ್ದೇವೆ.

ಇದು ಸರ್ಕಾರಕ್ಕೆ ಗೊತ್ತಿಲ್ಲವೆ? ಗೊತ್ತಿದೆ. 1983ರಲ್ಲಿಯೇ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದು ಒಂದು ಕಾಯಿದೆ ಮಾಡಿತು. ಒಕ್ಕಣೆ ಯಂತ್ರಗಳನ್ನು ಕಣ್ಣ ಮುಂದಿಟ್ಟುಕೊಂಡೇ ಮಾಡಿದ್ದು. ನಲವತ್ತು ವರ್ಷ ಕಳೆಯಿತು. ಹೊಲದ ಬದುವಿನ ಮೇಲೆ ನಿಂತು ಆ ಕಾಯಿದೆಯ ಹೆಸರು ಹೇಳಿದವರನ್ನು ನಾನಂತೂ ಕಂಡಿಲ್ಲ.

ಬೆರಳು ಹೋಯಿತು ಎನ್ನಿ. ಯಾರನ್ನು ಕೇಳಬೇಕು? ಹೊಲದವರು 'ಮಿಷನ್ನಿನವರನ್ನು ಕೇಳಿ' ಎನ್ನುತ್ತಾರೆ. ಮಿಷನ್ನಿನವರು ಚೀಲದ ಲೆಕ್ಕಕ್ಕೆ ಬಂದವರು, ಮಾರನೆಯ ದಿನ ಬೇರೆ ಊರಿನಲ್ಲಿರುತ್ತಾರೆ. ಟ್ರ್ಯಾಕ್ಟರ್ ಇನ್ನೊಬ್ಬರದು. ಆಳು ಕೂಡಿಸಿ ತಂದವಳು ಅದೇ ಓಣಿಯ ಅಕ್ಕ, ಪಾಪ, ಅವಳೂ ಕೂಲಿಯವಳೇ. ನಮ್ಮ ಸಿರಿಗೆರೆಗೆ ಸೋಮವಾರ ಸೋಮವಾರ ಮಠದ ನ್ಯಾಯಪೀಠದ ಮುಂದೆ ವ್ಯಾಜ್ಯ ಹೇಳಿಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹೊಲದ ವ್ಯಾಜ್ಯ, ಸಾಲದ ವ್ಯಾಜ್ಯ, ಗಂಡ ಹೆಂಡಿರ ವ್ಯಾಜ್ಯ. ಪೀಠವಾಗಲಿ, ಕೋರ್ಟಾಗಲಿ, ಊರಿನ ಕಟ್ಟೆಯಾಗಲಿ, ದೂರು ಹೇಳಬೇಕಾದರೆ ಎದುರುಗಾರ ಇಂಥವನು ಎಂದು ಹೇಳಲೇಬೇಕು. ಈಕೆ ಯಾರ ಹೆಸರು ಹೇಳಬೇಕು? ಕೆಲಸ ಮಾಡಿಸುವಾಗ ನಾಲ್ವರು ಯಜಮಾನರು, ರಕ್ತ ಬಂದಾಗ ಒಬ್ಬರೂ ಇಲ್ಲ. ತಾತ್ಕಾಲಿಕ ಎಂಬ ಪದದ ಉಪಯೋಗ ಇರುವುದು ಇಲ್ಲಿ.

ನಮ್ಮ ಹೊಲ ದಾಟಿ ಗೋದಾಮು ಸೇರಿದ ಮೇಲೂ ಮೆಕ್ಕೆಜೋಳದ ಕತೆ ಇದೇ. 2023ರ ಡಿಸೆಂಬರ್ 4ರ ಸಂಜೆ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಏಳು ಮಂದಿ ಅದರಡಿಯಲ್ಲಿ ಸತ್ತರು. ಏಳೂ ಮಂದಿ ಬಿಹಾರದವರು. ರಾತ್ರಿಯೆಲ್ಲ ಬಗೆದು ಹೆಣ ತೆಗೆದರು. ಹಸಿವು ಕಳೆಯುವ ಕಾಳು ಮನುಷ್ಯರನ್ನು ಹೂಳುವುದೆಂದರೇನು ಎಂದು ನಾನು ಆ ದಿನ ಪತ್ರಿಕೆ ಮಡಿಸಿಟ್ಟೆ.

ಅದಕ್ಕೆ ಎರಡು ತಿಂಗಳ ಹಿಂದೆ, ಅಕ್ಟೋಬರ್ 7ರಂದು, ಅತ್ತಿಬೆಲೆಯ ಪಟಾಕಿ ಮಳಿಗೆ ಹೊತ್ತಿ ಉರಿದದ್ದು ನಿಮಗೆ ನೆನಪಿರಬಹುದು. ಮೊದಲಿಗೆ ಹದಿನಾಲ್ಕು ಮಂದಿ ಎಂದರು, ಲೆಕ್ಕ ಆಮೇಲೆ ಇನ್ನೂ ಏರಿತು. ತಮಿಳುನಾಡಿನ ಹುಡುಗರು. ಕಾಲೇಜಿನಲ್ಲಿ ಓದುತ್ತಿದ್ದವರೂ ಅವರಲ್ಲಿದ್ದರು. ದೀಪಾವಳಿ ವ್ಯಾಪಾರ ಮುಗಿಯುವ ತನಕ ಪೆಟ್ಟಿಗೆ ಇಳಿಸಿ ನಾಲ್ಕು ಕಾಸು ಮಾಡಿಕೊಳ್ಳೋಣ ಎಂದು ಬಂದವರು. ಮೇಷ್ಟ್ರುಗಳಾದ ನಮಗೆ ಇಂಥ ಹುಡುಗರು ಚೆನ್ನಾಗಿ ಗೊತ್ತು. ರಜೆ ಬಿಟ್ಟ ಮಾರನೆಯ ದಿನ ಬೆಂಗಳೂರು ಬಸ್ಸು ಹತ್ತುತ್ತಾರೆ, ತರಗತಿ ಶುರುವಾದಾಗ ಹೊಸ ಅಂಗಿ ತೊಟ್ಟು ಬರುತ್ತಾರೆ. ಅವನು ಎಲ್ಲಿ, ಯಾರ ಕೈಕೆಳಗೆ, ಯಾವ ಚಾವಣಿಯ ಅಡಿಯಲ್ಲಿ ದುಡಿದ ಎಂದು ಮನೆಯವರಿಗೂ ಗೊತ್ತಿರುವುದಿಲ್ಲ. 'ಅಲ್ಲೆಲ್ಲೋ ಕಂಪನಿ' ಎನ್ನುತ್ತಾರೆ. ಸತ್ತರೆ ಪೊಲೀಸರು ಗುರುತು ಹಿಡಿಯುವುದು ಜೇಬಿನ ಫೋನಿನಿಂದ, ಹಾಜರಿ ಪುಸ್ತಕದಿಂದಲ್ಲ. ಶಾಲೆಯಲ್ಲಿ ಮಗು ಅರ್ಧ ದಿನ ಬಂದರೂ ಹಾಜರಿ ಹಾಕುತ್ತೇವೆ. ಪಟಾಕಿ ತುಂಬಿದ ಕೋಣೆಗೆ ಕಳಿಸುವಾಗ ಬೇಡವೆ?

'ಕಾನೂನಿನಲ್ಲಿ ಇಂಥವರಿಗೆ ಏನೂ ಬರುವುದಿಲ್ಲ' ಎಂದು ವಿದ್ಯಾವಂತರೇ ಹೇಳುವುದನ್ನು ಕೇಳಿದ್ದೇನೆ. ಅದು ಸುಳ್ಳು. ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡಿಸುವ ಕಾಯಿದೆ 1923ರದು. ಯಜಮಾನನ ವ್ಯವಹಾರಕ್ಕೆ ಸೇರದ ಬಿಡಿಗೆಲಸಕ್ಕೆ ಬಂದ ಆಳನ್ನು ಅದು ಬಹುಕಾಲ ಹೊರಗಿಟ್ಟಿತ್ತು, ನಿಜ. ಆದರೆ 2000ದ ತಿದ್ದುಪಡಿಯಲ್ಲಿ ಆ ಮಾತನ್ನೇ ತೆಗೆದುಹಾಕಿದರು. ಕಾಲು ಶತಮಾನದ ಹಿಂದೆಯೇ ಸತ್ತ ನೆಪವನ್ನು ನಮ್ಮ ಗುತ್ತಿಗೆದಾರರು ಇಂದಿಗೂ ಹೊತ್ತು ತಿರುಗುತ್ತಿದ್ದಾರೆ.

ಇನ್ನು ನಮ್ಮ ಶಾಲೆಗಳ ಮಾತು. ಅದನ್ನು ಬಿಟ್ಟು ಊರ ಮಾತೆಲ್ಲ ಆಡಿದರೆ ನ್ಯಾಯವಲ್ಲ. ಬಿಸಿಯೂಟ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಅಡುಗೆಯವರಿಗೆ ಕೊಡುವುದಕ್ಕೆ ಸರ್ಕಾರ ಇಟ್ಟ ಹೆಸರು ಗೌರವಧನ. 2025ರ ಬಜೆಟ್ಟಿನಲ್ಲಿ ಸಾವಿರ ರೂಪಾಯಿ ಏರಿಸಿದಾಗಲೂ ಅದು ತಿಂಗಳಿಗೆ ಐದು ಸಾವಿರ ಮುಟ್ಟಲಿಲ್ಲ. ಇರಲಿ, ದುಡ್ಡಿನ ಜಗಳ ಬೇರೆ. ನನ್ನ ಜಗಳ ಆ ಹೆಸರಿನೊಂದಿಗೆ. ಕೂಲಿ ಎಂದರೆ ಕೂಲಿಯವಳು ಇರುತ್ತಾಳೆ, ಸಂಬಳ ಎಂದರೆ ನೌಕರಳು ಇರುತ್ತಾಳೆ. ಗೌರವಧನ ತೆಗೆದುಕೊಳ್ಳುವವಳು ಯಾರು? ಯಾರೂ ಅಲ್ಲ, ಪುಣ್ಯಕ್ಕೆ ಬಂದು ಅನ್ನ ಬೇಯಿಸುವ ತಾಯಿ. ತಾಯಿಗೆ ಸುಟ್ಟರೆ ಯಾವ ಕಾಯಿದೆ?

ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಇನ್ನೂರೈವತ್ತು ಮಕ್ಕಳಿಗೆ ಸಾಂಬಾರು ಬೇಯಿಸಿದ ಪಾತ್ರೆಯನ್ನು ಇಬ್ಬರು ಹೆಂಗಸರು ಹಳೇ ಸೀರೆಯ ತುಂಡು ಹಿಡಿದು ಒಲೆಯಿಂದ ಇಳಿಸುತ್ತಿದ್ದರು. ಪಾತ್ರೆಯ ಒಂದು ಕಿವಿ ಅಲುಗಾಡುತ್ತಿತ್ತು. ಹೊಸದು ಬೇಕೆಂದು ಮೂರು ಸಲ ಬರೆದು ಕಳಿಸಿದ್ದಾಗಿತ್ತು. ಒಂದು ಮಧ್ಯಾಹ್ನ ಆ ಕಿವಿ ಕಿತ್ತು ಬಂತು. ತೊಡೆಯಿಂದ ಪಾದದವರೆಗೆ ಒಬ್ಬಾಕೆಗೆ ಸುಟ್ಟಿತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚೀಟಿ ಬರೆಯುವವರು 'ಎಲ್ಲಿ ಆಯಿತು?' ಎಂದು ಕೇಳಿದರು. ನಾನು 'ಶಾಲೆಯಲ್ಲಿ' ಎಂದೆ. ಆಕೆ ಹಲ್ಲು ಕಚ್ಚಿಕೊಂಡು ನನ್ನ ಕೈ ಹಿಡಿದು, 'ಮನೇಲಿ ಆತು ಅಂತ ಬರೀರಿ ಮೇಡಮ್ಮೋರೆ. ಸ್ಕೂಲಂದ್ರೆ ಎನ್‌ಕ್ವೈರಿ ಬರ್ತತಿ, ಆಮ್ಯಾಲೆ ನನ್ನ ತೆಗೆದು ಬ್ಯಾರೇರ್ನ ಹಾಕ್ಕೊಂತಾರೆ' ಎಂದಳು. ಚೀಟಿಯಲ್ಲಿ ಬಿದ್ದದ್ದು ಆಕೆ ಹೇಳಿದ್ದೇ: ಮನೆಯಲ್ಲಿ ನೀರು ಕಾಯಿಸುವಾಗ. ಉದ್ಯೋಗ ಎಂಬ ಕಡೆ 'ಗೃಹಿಣಿ' ಎಂದು ಬರೆದರು. ಎರಡು ತಿಂಗಳು ಆಕೆಯ ಬದಲು ಆಕೆಯ ನಾದಿನಿ ಬಂದು ಅಡುಗೆ ಮಾಡಿ ಆ ಕೆಲಸ ಉಳಿಸಿದಳು. ಪಾತ್ರೆ ಮಾತ್ರ ಹೊಸದು ಬಂತು.

ಹೀಗೆ ಕಾಗದದಲ್ಲಿ ಆ ಅಪಘಾತ ಆಗಲೇ ಇಲ್ಲ. ಇಷ್ಟು ಅಪಘಾತ, ಇಷ್ಟು ಸಾವು ಎಂದು ಯಾರಾದರೂ ಅಂಕಿ ಹೇಳಿದಾಗೆಲ್ಲ ನನಗೆ ಆ ಚೀಟಿ ನೆನಪಾಗುತ್ತದೆ. ಎಷ್ಟು ಹೊಲಗಳ, ಗೋದಾಮುಗಳ ಗಾಯಗಳು ನಮ್ಮ ಆಸ್ಪತ್ರೆಗಳಲ್ಲಿ ಬಚ್ಚಲುಮನೆಯಲ್ಲಿ ಜಾರಿಬಿದ್ದವಾಗಿ ಕೂತಿವೆಯೋ.

'ಅವರೇ ಹೇಳಿದ ಮಾತು ಕೇಳುವುದಿಲ್ಲ ರೀ, ಕೈಗವಸು ಕೊಟ್ಟರೆ ತೆಗೆದಿಡುತ್ತಾರೆ, ಹೆಲ್ಮೆಟ್ ಕೊಟ್ಟರೆ ಮಣ್ಣು ಹೊರುತ್ತಾರೆ' ಎನ್ನುವವರಿದ್ದಾರೆ. ಇರಬಹುದು. ಚೀಲಕ್ಕಿಷ್ಟು, ಚದರಕ್ಕಿಷ್ಟು ಎಂದು ಕೂಲಿ ಕಟ್ಟಿದರೆ ಕೈಗವಸು ತೊಟ್ಟು ನಿಧಾನವಾದವಳಿಗೆ ಸಂಜೆ ಐವತ್ತು ರೂಪಾಯಿ ಕಡಿಮೆ. ಆ ಐವತ್ತನ್ನು ನೀವು ತುಂಬಿಕೊಡಿ, ಆಮೇಲೆ ಕೈಗವಸಿನ ಉಪದೇಶ ಮಾಡಿ. ಇನ್ನು 'ಕುಡಿದಿದ್ದ' ಎಂಬ ಮಾತಂತೂ ಸಾರವೆಯಿಂದ ಬಿದ್ದ ಪ್ರತಿಯೊಬ್ಬನ ಹೆಣದ ಜೊತೆಗೇ ಬರುತ್ತದೆ.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯಿದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದಿವೆ. ಒಳ್ಳೆಯದನ್ನು ಒಳ್ಳೆಯದೆನ್ನೋಣ: ಎಲ್ಲರಿಗೂ ನೇಮಕದ ಪತ್ರ ಕೊಡಬೇಕೆಂದಿದೆ, ಮನೆಯಿಂದ ಕೆಲಸಕ್ಕೆ ಹೋಗಿಬರುವಾಗ ಆದ ಅಪಘಾತವನ್ನೂ ಕೆಲಸದ ಅಪಘಾತವೆಂದು ಎಣಿಸಲು ದಾರಿ ಮಾಡಿದೆ. ಹಿರಿಯೂರು, ಚಿತ್ರದುರ್ಗದ ಹೆದ್ದಾರಿಯ ಪಕ್ಕದಲ್ಲಿ ಬದುಕುವ ನಮಗೆ ಈ ಎರಡನೆಯದರ ಬೆಲೆ ಗೊತ್ತು. 2022ರ ಆಗಸ್ಟ್ 25ರಂದು ಇದೇ ರಸ್ತೆಯಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಹತ್ತಿರ, ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು ಇಪ್ಪತ್ತಕ್ಕೂ ಹೆಚ್ಚು ಮಂದಿ ತುಂಬಿದ್ದ ಕ್ರೂಸರ್ ಲಾರಿಗೆ ಬಡಿದು ಒಂಬತ್ತು ಜನ ಸತ್ತರು, ಮಕ್ಕಳೂ ಸೇರಿ.

ಆದರೆ ಅದೇ ಸಂಹಿತೆಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಹಿಂದೆ ಇಪ್ಪತ್ತು ಮಂದಿ ಗುತ್ತಿಗೆ ಆಳುಗಳಿದ್ದರೆ ತಗಲುತ್ತಿದ್ದ ನಿಯಮ ಈಗ ಐವತ್ತು ಮಂದಿಯಿದ್ದರೆ ಮಾತ್ರ. ಮೊದಲು ನಮ್ಮ ಮೇಸ್ತ್ರಿಗಳ ಹತ್ತಿರ ಯಾವಾಗ ಎಣಿಸಿದರೂ ಹತ್ತೊಂಬತ್ತೇ ಇರುತ್ತಿದ್ದರು. ಇನ್ನು ನಲವತ್ತೊಂಬತ್ತು ಇರುತ್ತಾರೆ. ಮನೆ ಕಟ್ಟುವವರ ಲೆಕ್ಕವೂ ಹಾಗೆಯೇ: ಸ್ವಂತ ವಾಸದ ಮನೆಗೆ ಹತ್ತು ಲಕ್ಷದವರೆಗೆ ಇದ್ದ ವಿನಾಯಿತಿ ಐವತ್ತು ಲಕ್ಷಕ್ಕೆ ಏರಿದೆ. ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಐವತ್ತು ಲಕ್ಷ ಮೀರಿದ ಮನೆ ಎಷ್ಟು ಕಟ್ಟುತ್ತಾರೆ? ಹೇಳಿ ನೋಡೋಣ. ಆ ಮನೆಗಳ ಎರಡನೇ ಅಂತಸ್ತಿನಿಂದ ಬಿದ್ದರೂ ಸೊಂಟ ಮುರಿಯುವುದು ಅಷ್ಟೇ ತಾನೆ.

ಈಗ ನಮ್ಮ ಮನೆಗಳಿಗೇ ಬರೋಣ. ಏಕೆಂದರೆ ತಾತ್ಕಾಲಿಕ ಆಳನ್ನು ಇಡುವವರು ಕಾರ್ಖಾನೆಯವರು ಮಾತ್ರವಲ್ಲ, ಈ ಪುಸ್ತಕ ಕೈಯಲ್ಲಿ ಹಿಡಿದು ಕೂತ ನಾವೂ ಹೌದು. ಹಬ್ಬಕ್ಕೆ ಸುಣ್ಣಬಣ್ಣ, ಓವರ್‌ಹೆಡ್ ಟ್ಯಾಂಕು ತೊಳೆಯುವುದು, ತೆಂಗಿನಕಾಯಿ ಕೀಳುವುದು, ಶೌಚದ ಗುಂಡಿ. ಈ ಕೊನೆಯದರ ಬಗ್ಗೆ ಒಂದು ಮಾತು ಖಂಡಿತ ಹೇಳಬೇಕು. 2022ರ ಏಪ್ರಿಲ್ 17ರಂದು ಮಂಗಳೂರಿನ ವಿಶೇಷ ಆರ್ಥಿಕ ವಲಯದ ಒಂದು ಮೀನು ಕಾರ್ಖಾನೆಯಲ್ಲಿ ಒಬ್ಬ ತ್ಯಾಜ್ಯದ ತೊಟ್ಟಿಗೆ ಇಳಿದು ಬಿದ್ದ. ಅವನನ್ನು ಎತ್ತಲು ಹೋದವರೂ ಬಿದ್ದರು. ಪಶ್ಚಿಮ ಬಂಗಾಳದ ಐವರು ಹೋದರು. ಮುಚ್ಚಿದ ಗುಂಡಿಯಲ್ಲಿ ಕೊಳೆತದ್ದರಿಂದ ಹುಟ್ಟುವ ಅನಿಲ ಕೆಲವೇ ಉಸಿರಿಗೆ ಪ್ರಜ್ಞೆ ತೆಗೆಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿದರೆ ಅದು ನಿಲ್ಲುವುದಿಲ್ಲ. ಬಿದ್ದವನ ಹಿಂದೆ ಇಳಿಯುವವನೂ ಬದುಕುವುದಿಲ್ಲ. ಗುಂಡಿಗೆ ಹೀಗೆ ಮನುಷ್ಯರನ್ನು ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಇಂಥ ಸಾವಿಗೆ ಮೂವತ್ತು ಲಕ್ಷ ಪರಿಹಾರವೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದೆ. 'ಯಂತ್ರದ ಗಾಡಿ ತಡವಾಗುತ್ತದೆ, ನಾಲ್ಕು ಕಾಸು ಹೆಚ್ಚು ಕೊಟ್ಟರೆ ಇವನೇ ಇಳಿಯುತ್ತಾನೆ' ಎಂದು ಮನೆಯ ಗಂಡಸರು ಹೇಳಿದರೆ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಆಗದು ಎನ್ನಬೇಕು. ಗಾಡಿ ಬರುವ ತನಕ ನಾಲ್ಕು ದಿನ ಕಷ್ಟವಾದರೆ ಆಗಲಿ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕೆಲಸಕ್ಕೆ ಕೈ ಹಚ್ಚುವ ಮೊದಲು ಒಂದು ಪುಸ್ತಕದಲ್ಲಿ ಹೆಸರು, ಊರು, ಮನೆಯವರ ಫೋನು, ಕರೆತಂದವನ ಹೆಸರು. ಹೊಲದಲ್ಲಿ, ಗೋದಾಮಿನಲ್ಲಿ, ಶಾಲೆಯ ಅಡುಗೆಕೋಣೆಯಲ್ಲಿ, ನಮ್ಮ ಮನೆಯ ಅಂಗಳದಲ್ಲಿ. ಹೆಸರಿದ್ದವಳು ಬಿದ್ದರೆ ಕೇಳಲು ಒಂದು ಎಳೆ ಸಿಗುತ್ತದೆ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ವರ್ಷದಲ್ಲಿ ತೊಂಬತ್ತು ದಿನ ದುಡಿದ ದಾಖಲೆ ಬೇಕು. ಎಲ್ಲೂ ಹೆಸರಿಲ್ಲದವರು ಆ ತೊಂಬತ್ತು ದಿನವನ್ನು ಎಲ್ಲಿಂದ ತರಬೇಕು?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಮೇಲೆ ಒಂದು ಕೋಣೆ ಎಬ್ಬಿಸಿದೆವು. ಸೆಂಟ್ರಿಂಗ್ ಹೊಡೆಯುವ ದಿನ ಬೆಳಿಗ್ಗೆ ಮಕ್ಕಳ ಉಳಿದ ನೋಟುಬುಕ್ಕೊಂದನ್ನು ಹಿಡಿದು ಮೇಸ್ತ್ರಿಯ ಮುಂದೆ ಕೂತೆ. ಆತ ಅನುಮಾನದಿಂದ, 'ಯಾಕ್ರೀ ಮೇಡಂ, ಏನಾದ್ರೂ ಕಳುವಾಗಿದೆಯೇನ್ರೀ?' ಎಂದ. ಇಲ್ಲಪ್ಪ, ಹೆಸರು ಹೇಳು ಎಂದೆ. ಐದು ಜನರದು ಹೇಳಿದ, ಊರೂ ಹೇಳಿದ. ಆಚೆ ಮರಳಿನ ಗುಡ್ಡೆಯ ಹತ್ತಿರ ಇಬ್ಬರು ಹೆಂಗಸರು ಬಾಂಡಲಿ ಇಟ್ಟುಕೊಂಡು ನಿಂತಿದ್ದರು. ಅವರದು ಎಂದೆ. ಆತ ಆ ಕಡೆ ನೋಡಿ, 'ಅವರು ಮೂರು ದಿನದವರು ಮೇಡಂ, ಅವರ ಹೆಸರು ನನಗೂ ಗೊತ್ತಿಲ್ಲ' ಎಂದ.

ಪುಸ್ತಕ ತೆಗೆದುಕೊಂಡು ನಾನೇ ಮರಳಿನ ಗುಡ್ಡೆಯ ಹತ್ತಿರ ಹೋದೆ.